ಒಂದು ವರ್ಷಕ್ಕೆ ನೆರವು ಕೆಲಸಕ್ಕೆ ವಿದೇಶಕ್ಕೆ ಹೊರಟಿದ್ದೇನೆ. ಶಿವಮೊಗ್ಗದ ಗೆಳೆಯರಿಗೆ ಹೇಗೆ ಹೇಳಿ ಹೊರಡಲಿ?

ಎಲ್ಲರನ್ನೂ ಒಂದು ಹೋಟೆಲಿಗೆ ಕರೆದು ಪಾರ್ಟಿ ಕೊಡೋದಾ, ಇಲ್ಲ ಸುಮ್ನೆ ಹೊರಟುಬಿಡೋದಾ ಅಂತ ಕೇಳಿದ್ದೀರಿ. ಎರಡೂ ಬೇಡ. ಒಬ್ಬೊಬ್ಬರ ಹತ್ತಿರ ನೀವೇ ಹೋಗಿ. ಅವರು ಆವತ್ತು ಏನು ಕೆಲಸ ಮಾಡ್ತಿದ್ದಾರೋ ಅದಕ್ಕೆ ಅರ್ಧ ದಿನ ಕೈ ಸೇರಿಸಿ. ಮಾತು ತಾನಾಗಿ ಬರುತ್ತೆ.

ನಾನು ಶಿವಮೊಗ್ಗದವನು, ಸಿವಿಲ್ ಎಂಜಿನಿಯರ್. ದಕ್ಷಿಣ ಸುಡಾನಿನ ಬೆಂಟಿಯುವಿನ ಶಿಬಿರದಲ್ಲಿ ನೀರು ಮತ್ತು ಶೌಚಾಲಯದ ಕೆಲಸಕ್ಕೆ ಹೋಗಿದ್ದೆ. 2011ರಲ್ಲಿ ಹುಟ್ಟಿದ ದೇಶ ಅದು. 2013ರ ಕೊನೆಗೆ ಒಳಗೊಳಗೇ ಯುದ್ಧ ಶುರುವಾಯಿತು. ಜೀವ ಉಳಿಸಿಕೊಳ್ಳಲು ಓಡಿ ಬಂದವರು ಆ ಶಿಬಿರ ಸೇರಿದರು. ಆಮೇಲೆ 2021ರ ನೆರೆ. ನೀರು ವರ್ಷಗಟ್ಟಲೆ ಇಳಿಯಲೇ ಇಲ್ಲ. ಶಿಬಿರದ ಸುತ್ತ ಮಣ್ಣಿನ ಒಡ್ಡು ಕಟ್ಟಿ ಜನ ಒಳಗೆ ಬದುಕುತ್ತಿದ್ದಾರೆ.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ಕೆಲಸ ಖಾತ್ರಿಯಾದ ದಿನ ಖುಷಿಯಲ್ಲಿ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟೆ. ನಲವತ್ತು ಜನರ ಗ್ರೂಪು. ಹೂವು, ಕೈಮುಗಿತ, ಚಪ್ಪಾಳೆ ಎಲ್ಲ ಬಂತು. ದುರ್ಗಿಗುಡಿಯಲ್ಲಿ ಬೈಕ್ ಗ್ಯಾರೇಜ್ ಇಟ್ಟುಕೊಂಡಿರುವ ಗೆಳೆಯನಿಂದ ಮಾತ್ರ ಒಂದು ಹೆಬ್ಬೆರಳು. ಒಂದನೇ ಕ್ಲಾಸಿನಿಂದ ಜೊತೆಗಿದ್ದವನು. ಊರಿಗೆಲ್ಲ ಗೊತ್ತಾದಾಗಲೇ ಅವನಿಗೂ ಗೊತ್ತಾಯಿತು. ಆಮೇಲೆ ಫೋನ್ ಮಾಡಿದರೆ 'ಗಾಡಿ ಬಿಚ್ಚಿದ್ದೀನಿ, ಆಮೇಲೆ' ಅನ್ನುತ್ತಿದ್ದ.

ಅವನನ್ನು ನನ್ನ ಕಡೆ ತಿರುಗಿಸಿದ್ದು ಒಂದು ಫಾರಂ. ಗಲಾಟೆ ಇರುವ ಜಾಗಕ್ಕೆ ಕಳಿಸುವ ಸಂಸ್ಥೆಗಳು ಅದನ್ನು ತುಂಬಿಸಿಕೊಳ್ಳುತ್ತವೆ. ಬಹುಶಃ ನಿಮಗೂ ಕೊಡುತ್ತಾರೆ. ಅದರಲ್ಲಿ ನೀವೇ ಕೆಲವು ಪ್ರಶ್ನೆ, ಉತ್ತರ ಬರೆಯಬೇಕು, ಉತ್ತರ ಹೊರಗಿನವರಿಗೆ ಗೊತ್ತಿರಬಾರದು. ಯಾರಾದರೂ ಒತ್ತೆ ಹಿಡಿದರೆ, ನೀವು ಬದುಕಿದ್ದೀರಿ ಅಂತ ಖಚಿತ ಮಾಡಿಕೊಳ್ಳೋದಕ್ಕೆ ಆ ಪ್ರಶ್ನೆ ಕೇಳುತ್ತಾರೆ. ಫೇಸ್‌ಬುಕ್ಕಿನಲ್ಲಿ ಸಿಗುವಂಥದ್ದು ನಡೆಯೋದಿಲ್ಲ. ನನಗೆ ಒಂದೂ ಹೊಳೆಯಲಿಲ್ಲ. ಗ್ಯಾರೇಜಿಗೆ ಹೋದೆ.

'ನಿನ್ನ ಬಿಟ್ಟು ಯಾರಿಗೂ ಗೊತ್ತಿಲ್ಲದ ನನ್ನ ಒಂದು ಕಥೆ ಹೇಳು' ಅಂದೆ. ಯಾಕೆ ಅಂತ ಕೇಳಿದ. ಹೇಳಿದೆ. ಸ್ಪ್ಯಾನರ್ ಕೆಳಗಿಟ್ಟ.

'ಹಿಡ್ಕೊಂಡು ಹೋಗ್ತಾರೇನೋ?'

ಸಾಮಾನ್ಯವಾಗಿ ಇಲ್ಲ, ಆದರೂ ಬರೆದಿಡಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಏಳನೇ ಕ್ಲಾಸಿನಲ್ಲಿ ತುಂಗಾ ದಂಡೆಯಲ್ಲಿ ಆದ ಒಂದು ಘಟನೆ ನೆನಪಿಸಿದ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಏನದು ಅಂತ ಇಲ್ಲಿ ಹೇಳೋ ಹಾಗಿಲ್ಲ, ಗೊತ್ತಾಯ್ತಲ್ಲ! ಅಪಾಯದ ವಿಷಯವನ್ನು ಹತ್ತಿರದವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. 'ಏನೂ ಆಗಲ್ಲ ಬಿಡು' ಅಂದರೆ ಯಾರೂ ನಂಬೋದಿಲ್ಲ, ಮುಖದ ಮೇಲೆ ನಗ್ತಾರೆ ಅಷ್ಟೇ.

ತೀರ್ಥಹಳ್ಳಿಯ ಗೆಳೆಯನಿಗೆ ಅಡಿಕೆ ಕೊಯ್ಲು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಕ್ಕಿದ ದಿನ ಬಿಟ್ಟರೆ ಮತ್ತೆ ಸಿಗೋದಿಲ್ಲ. ಪಾರ್ಟಿ ಇಟ್ಟಿದ್ದರೆ ಅವನು ಬರುತ್ತಲೇ ಇರಲಿಲ್ಲ. ನಾನೇ ಹೋದೆ. ರಾತ್ರಿ ಅಂಗಳದಲ್ಲಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದರು. ನನಗೂ ಒಂದು ಕೊಟ್ಟರು. ಅವರು ಒಂದು ಡಬ್ಬ ಮುಗಿಸುವಷ್ಟರಲ್ಲಿ ನಾನು ಕಾಲು ಡಬ್ಬ. ಬೆರಳು ಬೇರೆ ಕುಯ್ದುಕೊಂಡೆ.

ಅಲ್ಲಿ ನೀನು ಮಾಡೋದು ಎಂತ ಅಂತ ಗೆಳೆಯ ಕೇಳಿದ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಕುಡಿಯೋಕೆ, ಅಡುಗೆಗೆ, ಮೈ ತೊಳೆಯೋಕೆ ಎಲ್ಲ ಸೇರಿ. 20 ಜನಕ್ಕೆ ಒಂದು ಶೌಚಾಲಯ. ಸ್ಫಿಯರ್ ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ, ಅಲ್ಲಿಗೆ ಮುಟ್ಟಿಸೋದೇ ಕೆಲಸ ಅಂದೆ. ಅವನು ಬಚ್ಚಲು ಮನೆ ಕಡೆ ತಿರುಗಿ ನೋಡಿದ. ಹಂಡೆ ಒಲೆ ಉರಿಯುತ್ತಿತ್ತು.

'ಹದಿನೈದಾ? ನಮ್ಮ ಹಂಡೇಲಿ ಅರ್ಧವೂ ಆಗಲ್ವಲ್ಲ ಮಾರಾಯ.'

ಆಮೇಲೆ ವರ್ಷವಿಡೀ ಅವನ ಫೋನ್ ಬಂದರೆ ಮೊದಲ ಮಾತು 'ಎಷ್ಟು ಲೀಟರ್ ಆಯ್ತು?' ಬೇರೆಯವರೆಲ್ಲ 'ಹೇಗಿದೀಯ, ಹುಷಾರು' ಅನ್ನುತ್ತಿದ್ದರು. ಅದಕ್ಕೆ ಏನಂತ ಉತ್ತರ ಕೊಡೋದು? ಇವನಿಗೆ ಉತ್ತರ ಇರುತ್ತಿತ್ತು. ಗೆಳೆಯರಿಗೆ ಕೇಳೋದಕ್ಕೆ ಇಂಥದ್ದೊಂದು ಕೊಟ್ಟು ಹೋಗಿ.

ಸಾಗರದಲ್ಲಿ ಇನ್ನೊಬ್ಬ ಗೆಳೆಯ. ಅವರದ್ದು ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತಲ್ಲ, ಆಗ ಶರಾವತಿ ಕಣಿವೆ ಬಿಟ್ಟು ಎದ್ದವರು. ಅವನ ಅಜ್ಜಿಗೆ ಫೋನಿನಲ್ಲಿ ಶಿಬಿರದ ಫೋಟೋ ತೋರಿಸಿದೆ. ಒಡ್ಡಿನ ಆಚೆ ಕಣ್ಣು ಹೋದಷ್ಟು ದೂರ ನೀರು.

'ಅಲ್ಲೂ ಮುಳುಗಡೆಯಾ ತಮಾ?' ಅಂದರು.

ಹೌದಜ್ಜಿ ಅಂದೆ. ಆಗ ಅವರು ಹೇಳಿದ್ದನ್ನು ಮೊಮ್ಮಗನೂ ಅದುವರೆಗೆ ಕೇಳಿರಲಿಲ್ಲವಂತೆ. ಇವರ ಮನೆ ಸಾಮಾನು ಲಾರಿಗೆ ಹಾಕಿದ ದಿನ ಪಕ್ಕದ ಮನೆಯ ಗೆಳತಿ ತವರಿಗೆ ಹೋಗಿದ್ದಳು. ಒಂದೊಂದು ಮನೆಯವರಿಗೆ ಒಂದೊಂದು ಕಡೆ ಜಾಗ. ಅವಳಿಗೆ ಎಲ್ಲಿ ಸಿಕ್ಕಿತೋ ಇವತ್ತಿಗೂ ಗೊತ್ತಿಲ್ಲ. ಅವಳ ಹತ್ತಿರ ಎರವಲು ತಂದ ಕಡಗೋಲು ಮಾತ್ರ ಲಾರಿಯಲ್ಲಿ ಇವರ ಜೊತೆಗೇ ಬಂತು.

'ಒಟ್ಟಿಗೆ ಇದ್ದವರನ್ನ ಒಟ್ಟಿಗೇ ಇಡ್ತೀರೋ, ಚೆಲ್ಲಾಪಿಲ್ಲಿ ಮಾಡ್ತೀರೋ?' ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಹೋದ ಮೇಲೆ ಶೌಚಾಲಯ ಹಂಚುವಾಗ ಮೊದಲು ಇದನ್ನೇ ವಿಚಾರಿಸಿದೆ. ಒಂದೇ ಹಳ್ಳಿಯಿಂದ ಬಂದವರಿಗೆ ಒಟ್ಟಿಗೆ ಕೊಟ್ಟ ಕಡೆ ಅವರೇ ಸರದಿ ಹಾಕಿಕೊಂಡು ತೊಳೆಯುತ್ತಿದ್ದರು. ಗುರುತಿಲ್ಲದವರನ್ನು ಸೇರಿಸಿದ ಕಡೆ ಬೀಗ, ಜಗಳ. ಇದನ್ನು ನನಗೆ ಯಾವ ತರಬೇತಿಯಲ್ಲೂ ಅಷ್ಟು ಒತ್ತಿ ಹೇಳಿರಲಿಲ್ಲ.

ಇನ್ನು ಸಣ್ಣಪುಟ್ಟ ವಿಷಯ. ಹಳದಿ ಜ್ವರದ ಲಸಿಕೆ ಬೇಕಾಗುವ ದೇಶವಾದರೆ ಅದನ್ನು ಮೊದಲೇ ಮುಗಿಸಿಕೊಳ್ಳಿ. ಚುಚ್ಚಿಸಿಕೊಂಡು ಹತ್ತು ದಿನ ಕಳೆದ ಮೇಲೇ ಸರ್ಟಿಫಿಕೇಟ್ ನಡೆಯುತ್ತೆ. ನಾನು ತಡ ಮಾಡಿ, ಭದ್ರಾವತಿಯ ಇಬ್ಬರನ್ನು ನೋಡಬೇಕಿದ್ದ ದಿನ ಬೆಂಗಳೂರಿನಲ್ಲಿ ಲಸಿಕೆಗೆ ಕ್ಯೂ ನಿಂತಿದ್ದೆ. ಉಪ್ಪಿನಕಾಯಿ ಎಲ್ಲರೂ ಕೊಡ್ತಾರೆ, ಬೇಡ ಅನ್ನೋಕಾಗಲ್ಲ. ಒಳನಾಡಿನ ಚಿಕ್ಕ ವಿಮಾನಕ್ಕೆ ನನಗೆ 20 ಕೆಜಿ ಅಂದಿದ್ದರು. ಅಪ್ಪೆಮಿಡಿ ಒಂದು ಬಾಟಲಿ ಇಟ್ಟುಕೊಂಡು ಉಳಿದದ್ದು ಅಕ್ಕನ ಮನೆಗೆ ಕೊಟ್ಟೆ. ವಾರಕ್ಕೊಂದು ಸಲ ಫೋನ್ ಮಾಡ್ತೀನಿ ಅಂತ ಮಾತು ಮಾತ್ರ ಕೊಡಬೇಡಿ. ನೆಟ್‌ವರ್ಕ್ ಇರಲ್ಲ, ಇದ್ದಾಗ ನಿಮಗೆ ಸುಸ್ತು. ಅಲ್ಲಿ ರಾತ್ರಿ ಎಂಟು ಅಂದರೆ ಇಲ್ಲಿ ಹನ್ನೊಂದೂವರೆ.

ಹೊರಟಿದ್ದು ತಾಳಗುಪ್ಪದಿಂದ ಬರುವ ರಾತ್ರಿ ರೈಲಿಗೆ. ಯಾರೂ ಸ್ಟೇಷನ್ನಿಗೆ ಬರಬೇಡಿ ಅಂದಿದ್ದೆ. ಗ್ಯಾರೇಜಿನವನು ಬಂದ, ಕೈಯಲ್ಲಿ ಭದ್ರಾವತಿಗೆ ಟಿಕೆಟ್. ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಯಾರದೋ ಬೈಕಿನ ಕ್ಲಚ್ ಕೇಬಲ್ಲಿನ ಬಗ್ಗೆ ಮಾತಾಡಿದ. ಭದ್ರಾವತಿಯಲ್ಲಿ ಇಳಿದು ಕಿಟಕಿ ಹತ್ತಿರ ಬಂದ.

'ಉತ್ತರ ನೆನಪಿದೆ ಅಲ್ವಾ?'

ಇದೆ ಅಂದೆ.