ಕಾಡು ಟರ್ಕಿಯ ಬೇಟೆ ಮತ್ತು ಮಾಂಸದ ಅಡುಗೆ: ಪೆನ್ಸಿಲ್ವೇನಿಯಾದ ಸದಸ್ಯರ ಪ್ರಶ್ನೆಗೆ ಉತ್ತರ

ನಮಸ್ಕಾರ. ಪೆನ್ಸಿಲ್ವೇನಿಯಾಕ್ಕೆ ಹೊಸದಾಗಿ ಬಂದಿರುವ ನೀವು ಎರಡು ವಿಷಯಗಳನ್ನು ಕೇಳಿದ್ದೀರಿ. ಪಕ್ಕದ ಮನೆಯವರು ಮೇ ತಿಂಗಳಲ್ಲಿ ಕೋಳಿ ಜಾತಿಯ ದೊಡ್ಡ ಹಕ್ಕಿಯಾದ ಟರ್ಕಿಯ ಬೇಟೆಗೆ ಕರೆದಿದ್ದಾರೆ, ಎಚ್-1ಬಿ ವೀಸಾದಲ್ಲಿರುವವರು ಹೋಗಬಹುದೇ, ಹೋಗುವುದಾದರೆ ಎಲ್ಲಿಂದ ಆರಂಭಿಸಬೇಕು ಎಂಬುದು ಮೊದಲನೆಯದು. ಕಳೆದ ವರ್ಷ ಅವರು ಕೊಟ್ಟ ಮಾಂಸ ಒಂದೂವರೆ ಗಂಟೆ ಬೇಯಿಸಿದರೂ ಅಗಿಯಲಾಗದಷ್ಟು ಗಟ್ಟಿಯಾಗಿಯೇ ಉಳಿಯಿತು, ಏಕೆ ಎಂಬುದು ಎರಡನೆಯದು. ಎದೆ ಮಾಂಸವನ್ನಷ್ಟೇ ಇಟ್ಟುಕೊಂಡು ಕಾಲುಗಳನ್ನು ಎಸೆದುಬಿಡಿ ಎಂದು ಈ ಚರ್ಚೆಯಲ್ಲಿ ನನಗಿಂತ ಮೊದಲು ಇಬ್ಬರು ಸಲಹೆ ಕೊಟ್ಟಿದ್ದಾರೆ. ಅದನ್ನು ನಾನು ಖಂಡಿತ ಒಪ್ಪುವುದಿಲ್ಲ. ಕಾರಣವನ್ನು ಅಡುಗೆಯ ಭಾಗದಲ್ಲಿ ವಿವರಿಸುತ್ತೇನೆ.

ಮೊದಲು ಕಾನೂನಿನ ವಿಷಯ, ಏಕೆಂದರೆ ನಮ್ಮವರಲ್ಲಿ ಹಲವರಿಗೆ ಇದರ ಅರಿವಿಲ್ಲ. ಎಚ್-1ಬಿ, ಎಚ್-4, ಎಫ್-1 ಮುಂತಾದ ತಾತ್ಕಾಲಿಕ ವೀಸಾಗಳಲ್ಲಿರುವವರು ಬಂದೂಕನ್ನಾಗಲಿ ತೋಟೆಗಳನ್ನಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಗೆಳೆಯರ ಬಂದೂಕನ್ನು ಒಂದು ಬೆಳಗಿನ ಮಟ್ಟಿಗೆ ಎರವಲು ಪಡೆದು ಕೈಯಲ್ಲಿ ಹಿಡಿದರೂ ಅದು ಹೊಂದಿದಂತೆಯೇ ಆಗುತ್ತದೆ. ಆದರೆ ಅಮೆರಿಕದ ಯಾವುದಾದರೂ ರಾಜ್ಯ ನೀಡಿದ, ಅವಧಿ ಮುಗಿಯದ ಬೇಟೆಯ ಲೈಸೆನ್ಸ್ ನಿಮ್ಮ ಬಳಿ ಇದ್ದರೆ ಈ ನಿಷೇಧಕ್ಕೆ ವಿನಾಯಿತಿ ಇದೆ. ಆದ್ದರಿಂದ ಕ್ರಮ ಬಹಳ ಮುಖ್ಯ: ಮೊದಲು ಬೇಟೆಗಾರರ ಸುರಕ್ಷತಾ ಶಿಕ್ಷಣದ ಕೋರ್ಸ್ ಮುಗಿಸಬೇಕು, ಅದರ ಪ್ರಮಾಣಪತ್ರ ತೋರಿಸಿ ಲೈಸೆನ್ಸ್ ಪಡೆಯಬೇಕು, ಆಮೇಲಷ್ಟೇ ಬಂದೂಕನ್ನು ಮುಟ್ಟಬೇಕು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಕೆಲವು ರಾಜ್ಯಗಳ ಕಾನೂನು ಕೇಂದ್ರದ್ದಕ್ಕಿಂತ ಬಿಗಿಯಾಗಿದೆ. ನಿಮ್ಮ ವಲಸೆ ವಕೀಲರನ್ನು ಒಮ್ಮೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ವೀಸಾದ ಮೇಲೆ ಸಂಸಾರವೇ ನಿಂತಿರುವಾಗ ಇಲ್ಲಿ ಅಸಡ್ಡೆ ಸಲ್ಲದು.

ಪೆನ್ಸಿಲ್ವೇನಿಯಾದ ವಸಂತ ಋತುವಿನ ಬೇಟೆಯಲ್ಲಿ ಎದೆಯ ಮೇಲೆ ಗಡ್ಡದಂತಹ ಗರಿಗೊಂಚಲು ಇರುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ವಸಂತದಲ್ಲಿ ರೈಫಲ್ ಬಳಸುವಂತಿಲ್ಲ, ಋತುವಿನ ಮೊದಲ ಭಾಗದಲ್ಲಿ ಮಧ್ಯಾಹ್ನಕ್ಕೇ ಬೇಟೆ ನಿಲ್ಲಿಸಬೇಕು, ಹಕ್ಕಿಯನ್ನು ಕೂಗಿ ಕರೆಯಬೇಕೇ ಹೊರತು ಹಿಂಬಾಲಿಸಿ ಹೋಗುವಂತಿಲ್ಲ. ದಿನಾಂಕಗಳೂ ಸಣ್ಣಪುಟ್ಟ ನಿಯಮಗಳೂ ಬದಲಾಗುತ್ತಿರುವುದರಿಂದ ಲೈಸೆನ್ಸ್ ಪಡೆಯುವಾಗಲೇ ಆ ವರ್ಷದ ನಿಯಮಗಳನ್ನು ಪೂರ್ತಿಯಾಗಿ ಓದಿಕೊಳ್ಳಿ.

ಇಷ್ಟೊಂದು ಕಟ್ಟುಪಾಡು ಏಕೆ ಎಂದು ನಿಮಗೆ ಅನ್ನಿಸಬಹುದು. ಕಾಡು ಕಡಿದದ್ದು ಮತ್ತು ಮಾರಾಟಕ್ಕಾಗಿ ಮನಬಂದಂತೆ ಬೇಟೆಯಾಡಿದ್ದು ಸೇರಿ 1930ರ ದಶಕದ ಹೊತ್ತಿಗೆ ಈ ಹಕ್ಕಿಗಳು ಇಡೀ ದೇಶದಲ್ಲಿ ಸುಮಾರು 2 ಲಕ್ಷಕ್ಕೆ ಇಳಿದಿದ್ದವು. ಫಾರಂಗಳಲ್ಲಿ ಸಾಕಿದ ಮರಿಗಳನ್ನು ಕಾಡಿಗೆ ಬಿಟ್ಟದ್ದು ಫಲಿಸಲಿಲ್ಲ. ತಾಯಿಯ ಹಿಂದೆ ನಡೆದು ಅಪಾಯವನ್ನು ಗುರುತಿಸಲು ಕಲಿಯದ ಆ ಮರಿಗಳು ಬದುಕುಳಿಯಲಿಲ್ಲ. 1950ರ ದಶಕದಿಂದ ಕಾಡಿನ ಹಕ್ಕಿಗಳನ್ನೇ ದೊಡ್ಡ ಬಲೆ ಹಾರಿಸಿ ಹಿಡಿದು ಖಾಲಿಯಾಗಿದ್ದ ಕಾಡುಗಳಿಗೆ ಸಾಗಿಸಿದ ಮೇಲೆ ಸಂಖ್ಯೆ ಏರಿತು, ಈ ಶತಮಾನದ ಆರಂಭದಲ್ಲಿ ಸುಮಾರು 70 ಲಕ್ಷ ಮುಟ್ಟಿತು. ಇದರ ಖರ್ಚಿನ ದೊಡ್ಡ ಪಾಲು ಬೇಟೆಗಾರರ ಲೈಸೆನ್ಸ್ ಹಣದಿಂದಲೂ, 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು ಮತ್ತು ತೋಟೆಗಳ ಮೇಲೆ ವಿಧಿಸುವ ತೆರಿಗೆಯಿಂದಲೂ ಬಂದಿದೆ. ಕೆಲವು ರಾಜ್ಯಗಳಲ್ಲಿ ಸಂಖ್ಯೆ ಮತ್ತೆ ಕುಸಿದಿದೆ. ಆದ್ದರಿಂದ ನಿಯಮಗಳನ್ನು ಮನಃಪೂರ್ವಕವಾಗಿ ಪಾಲಿಸುವುದು ನಮ್ಮ ಕರ್ತವ್ಯವೆಂದೇ ನಾನು ತಿಳಿದಿದ್ದೇನೆ.

ಇನ್ನು ಬೇಟೆ. ಟರ್ಕಿ ನೆಲದಲ್ಲಿ ಮೇಯ್ದು ಮರದಲ್ಲಿ ಮಲಗುವ ಹಕ್ಕಿ. ಮುಸ್ಸಂಜೆಯಲ್ಲಿ ಅದು ಯಾವ ಮರ ಏರಿತು ಎಂಬುದನ್ನು ಹಿಂದಿನ ದಿನವೇ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಗೂಬೆಯ ಅಥವಾ ಕಾಗೆಯ ಕೂಗನ್ನು ಅನುಕರಿಸಿದರೆ ಮರದ ಮೇಲಿನ ಹುಂಜ ತಡೆಯಲಾರದೆ ತಾನೂ ಕೂಗಿಬಿಡುತ್ತದೆ. ಬೆಳಗ್ಗೆ ಕತ್ತಲಿರುವಾಗಲೇ ಹೋಗಿ, ಆ ಮರದಿಂದ ನೂರು-ನೂರೈವತ್ತು ಗಜ ದೂರದಲ್ಲಿ, ನಿಮ್ಮ ಭುಜಕ್ಕಿಂತ ಅಗಲವೂ ತಲೆಗಿಂತ ಎತ್ತರವೂ ಆದ ಮರಕ್ಕೆ ಬೆನ್ನು ಕೊಟ್ಟು ಕುಳಿತುಕೊಳ್ಳಿ. ಹಕ್ಕಿಗೆ ವಾಸನೆ ಹಿಡಿಯುವ ಶಕ್ತಿ ಕಡಿಮೆ, ಆದರೆ ಬಣ್ಣ ಗುರುತಿಸುವ ಅದರ ಕಣ್ಣಿಗೆ ರೆಪ್ಪೆಯಷ್ಟು ಅಲುಗಾಟವೂ ಕಾಣುತ್ತದೆ. ಹಾಗಾಗಿ ಮುಖ ಮತ್ತು ಕೈಗಳೂ ಸೇರಿದಂತೆ ಮೈಯೆಲ್ಲ ಕಾಡಿನ ಬಣ್ಣದ ಬಟ್ಟೆಯಿಂದ ಮುಚ್ಚಿರಬೇಕು.

ಹೇಂಟೆಯ ದನಿ ಹೊರಡಿಸಲು ಹೊಸಬರಿಗೆ ಮರದ ಪೆಟ್ಟಿಗೆಯಂತಹ ಬಾಕ್ಸ್ ಕಾಲ್ ಸುಲಭ. ಸ್ಲೇಟಿನ ಮೇಲೆ ಕಡ್ಡಿ ಉಜ್ಜುವ ಬಗೆಯದರಲ್ಲಿ ದನಿ ಇನ್ನೂ ಮೃದುವಾಗಿ ಬರುತ್ತದೆ. ಹೊಸಬರೆಲ್ಲರೂ ಅತಿಯಾಗಿ ಕೂಗುತ್ತಾರೆ. ಪ್ರಕೃತಿಯಲ್ಲಿ ಹುಂಜ ಕೂಗಿದರೆ ಹೇಂಟೆಯೇ ಅದರ ಬಳಿಗೆ ಹೋಗುತ್ತದೆ, ನಾವು ಹುಂಜವನ್ನೇ ಬರಮಾಡಿಕೊಳ್ಳಲು ನೋಡುತ್ತೇವೆ. ಹೆಚ್ಚು ಕರೆದಷ್ಟೂ ಅದು ನಿಂತಲ್ಲೇ ನಿಂತು ಬಾಲ ಬಿಚ್ಚಿ ಕಾಯುತ್ತದೆ. ಅದು ಉತ್ತರ ಕೊಟ್ಟ ಮೇಲೆ ನೀವು ಸುಮ್ಮನಾದರೆ ಹುಡುಕಿಕೊಂಡು ಬರುವ ಸಂಭವ ಹೆಚ್ಚು. ಬೆಳಗ್ಗೆ ಆರಕ್ಕೆ ಹೇಂಟೆಗಳ ಜೊತೆ ದೂರ ಹೋದ ಹುಂಜ ಒಂಬತ್ತರ ಮೇಲೆ, ಹೇಂಟೆಗಳು ಮೊಟ್ಟೆಯ ಗೂಡಿಗೆ ಸರಿದ ನಂತರ, ಒಂಟಿಯಾಗಿ ತಿರುಗುತ್ತದೆ. ಆದ್ದರಿಂದ ಬೇಗನೆ ಬೇಸತ್ತು ಎದ್ದುಬರಬೇಡಿ.

ಸುರಕ್ಷತೆಯ ವಿಷಯವನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. ಕೆಂಪು, ಬಿಳಿ ಮತ್ತು ನೀಲಿ ಹುಂಜದ ತಲೆಯ ಬಣ್ಣಗಳು. ಕರವಸ್ತ್ರ, ಕಾಲುಚೀಲ, ಒಳ ಅಂಗಿ ಯಾವುದರಲ್ಲೂ ಅವು ಹೊರಗೆ ಕಾಣಬಾರದು. ಹೇಂಟೆಯ ದನಿಯಾಗಲಿ ಹುಂಜದ ದನಿಯಾಗಲಿ ಕೇಳಿದ ಕಡೆಗೆ ತೆವಳಿಕೊಂಡು ಹೋಗಬೇಡಿ, ಆ ದನಿ ಇನ್ನೊಬ್ಬ ಬೇಟೆಗಾರನದೇ ಇರಬಹುದು. ಯಾರಾದರೂ ನಿಮ್ಮತ್ತ ಬರುವುದು ಕಂಡರೆ ಕೈ ಬೀಸದೆ, ಕುಳಿತಲ್ಲಿಂದಲೇ ಗಟ್ಟಿಯಾಗಿ ಮಾತನಾಡಿ. ಹೊಡೆದ ಹಕ್ಕಿಯನ್ನು ಹೊತ್ತು ತರುವಾಗ ಅದಕ್ಕೆ ಹೊಳೆಯುವ ಕಿತ್ತಳೆ ಬಣ್ಣದ ಬಟ್ಟೆ ಸುತ್ತಿ. ಮೇ ತಿಂಗಳು ಲೈಮ್ ರೋಗ ಹರಡುವ, ರಕ್ತ ಹೀರುವ ಉಣ್ಣಿಗಳ ಕಾಲವೂ ಹೌದು, ಪೆನ್ಸಿಲ್ವೇನಿಯಾದಲ್ಲಿ ಅದರ ಕಾಟ ಬಹಳ. ಬಟ್ಟೆಗೆ ಉಣ್ಣಿ ಕೊಲ್ಲುವ ಪರ್ಮೆಥ್ರಿನ್ ಔಷಧ ಸಿಂಪಡಿಸಿಕೊಂಡು ಹೋಗಿ, ಮನೆಗೆ ಬಂದ ಕೂಡಲೇ ಮೈ ಪರೀಕ್ಷಿಸಿಕೊಳ್ಳಿ.

12 ಅಥವಾ 20 ಗೇಜಿನ (ನಳಿಕೆಯ ಅಗಲದ ಅಳತೆ), ಒಮ್ಮೆಲೇ ಹಲವು ಸಣ್ಣ ಕಾಳು ಹಾರಿಸುವ ಶಾಟ್‌ಗನ್, ಕಾಳುಗಳು ಚೆದುರದಂತೆ ನಳಿಕೆಯ ಬಾಯನ್ನು ಕಿರಿದಾಗಿಸುವ ಬಿಗಿಯಾದ ಟರ್ಕಿ ಚೋಕ್, 4ರಿಂದ 6ನೇ ನಂಬರಿನ ಸೀಸದ ಕಾಳಿನ ತೋಟೆ ಇದ್ದರೆ ಸಾಕು. ಋತು ಆರಂಭವಾಗುವ ಮೊದಲೇ ಕಾಗದಕ್ಕೆ ಹೊಡೆದು ನೋಡಿ. ಹತ್ತು ಇಂಚಿನ ವೃತ್ತದೊಳಗೆ ಸುಮಾರು ನೂರು ಕಾಳು ಬೀಳುವ ದೂರವೇ ನಿಮ್ಮ ಮಿತಿ, ಸಾಮಾನ್ಯ ತೋಟೆಗಳಲ್ಲಿ ಅದು 40 ಗಜ ದಾಟುವುದಿಲ್ಲ. ಗುರಿ ತಲೆ ಮತ್ತು ಕತ್ತಿಗೆ ಮಾತ್ರ. ಹುಂಜ ಬಾಲ ಬಿಚ್ಚಿ ಉಬ್ಬಿಕೊಂಡಿರುವಾಗ ಕತ್ತು ಮೈಯೊಳಗೆ ಸೇರಿಕೊಂಡಿರುತ್ತದೆ. ಆಗ ಹೊಡೆದರೆ ಹಕ್ಕಿ ಗಾಯಗೊಂಡು ಓಡಿಹೋಗಬಹುದು, ಸಿಕ್ಕರೂ ಎದೆ ಮಾಂಸದ ತುಂಬ ಸೀಸ. ಮೆಲ್ಲಗೆ ಒಮ್ಮೆ ಕ್ಲಕ್ ಎಂದು ದನಿ ಮಾಡಿದರೆ ಅದು ಕತ್ತು ಎತ್ತುತ್ತದೆ. ಹಿಂದೆ ಮತ್ತೊಂದು ಹಕ್ಕಿಯಾಗಲಿ ಮನುಷ್ಯರಾಗಲಿ ಇಲ್ಲವೆಂದು ಖಚಿತವಾದ ಮೇಲೆ ಹೊಡೆಯಬೇಕು, ಸಂಶಯವಿದ್ದರೆ ಬಿಟ್ಟುಬಿಡಬೇಕು.

ಹಕ್ಕಿ ಬಿದ್ದ ಸ್ಥಳದಲ್ಲೇ ಲೈಸೆನ್ಸಿನ ಜೊತೆ ಕೊಡುವ ಟ್ಯಾಗ್ (ಗುರುತುಚೀಟಿ) ಬರೆದು ಕಟ್ಟಿ, ಆಮೇಲೆ ತಡಮಾಡದೆ ಮಾಂಸವನ್ನು ತಣ್ಣಗಾಗಿಸುವ ಕೆಲಸಕ್ಕೆ ತೊಡಗಿ. ಮೇ ತಿಂಗಳ ಬಿಸಿಲಿನಲ್ಲಿ ಹಕ್ಕಿಯನ್ನು ಕಾರಿನ ಡಿಕ್ಕಿಯಲ್ಲಿಟ್ಟು ಊರೆಲ್ಲ ತೋರಿಸುತ್ತಾ ತಿರುಗಿದರೆ ರುಚಿ ಅಲ್ಲೇ ಕೆಟ್ಟಿತೆಂದು ತಿಳಿಯಿರಿ. ಕರುಳು ಮತ್ತು ಕತ್ತಿನ ಬುಡದ ಮೇವಿನ ಚೀಲವನ್ನು ತೆಗೆದು, ಒಳಗೆ ಐಸ್ ಚೀಲ ಇಡಿ. ಇಡಿಯಾಗಿ ಹುರಿಯುವುದಿದ್ದರೆ 60ರಿಂದ 65 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅದ್ದಿ ಪುಕ್ಕ ಕೀಳಬೇಕು. ನಮ್ಮ ಅಡುಗೆಗೆ ಚರ್ಮ ಸುಲಿದರೆ ಸಾಕು. ವಸಂತದ ಹುಂಜದ ಎದೆಯ ಮೇಲ್ಭಾಗದಲ್ಲಿ ಹಳದಿ ಬಣ್ಣದ, ಲೋಳೆಯಂತಹ ಕೊಬ್ಬಿನ ಪದರ ಇರುತ್ತದೆ. ಮೇವಿಗಿಂತ ಮಿಲನದ ಮೇಲೆಯೇ ಗಮನವಿರುವ ಆ ದಿನಗಳಿಗಾಗಿ ಹುಂಜ ಕೂಡಿಟ್ಟುಕೊಂಡ ಸಂಗ್ರಹ ಅದು. ಅದನ್ನು ಪೂರ್ತಿ ತೆಗೆದುಹಾಕಿ, ಉಳಿದರೆ ಮಾಂಸಕ್ಕೆ ಕೆಟ್ಟ ವಾಸನೆ ಬರುತ್ತದೆ. ಗುಂಡು ತಗುಲಿದ ಜಾಗವನ್ನು ಬೆರಳಿನಿಂದ ಒತ್ತಿ ನೋಡಿ ಸೀಸದ ಕಾಳುಗಳನ್ನು ಹುಡುಕಿ, ರಕ್ತ ಹೆಪ್ಪುಗಟ್ಟಿದ ಮಾಂಸವನ್ನು ಧಾರಾಳವಾಗಿಯೇ ಕತ್ತರಿಸಿ ತೆಗೆಯಿರಿ. ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ರಾಜಿ ಬೇಡ.

ಈಗ ನಿಮ್ಮ ಎರಡನೆಯ ಪ್ರಶ್ನೆ. ನಿಮಗೆ ಕೊಟ್ಟ ಮಾಂಸ ಗಟ್ಟಿಯಾದದ್ದಕ್ಕೆ ಕಾರಣ ಎದೆಯನ್ನೂ ಕಾಲನ್ನೂ ಒಂದೇ ಪಾತ್ರೆಯಲ್ಲಿ, ಒಂದೇ ಹೊತ್ತು ಬೇಯಿಸಿದ್ದು. ಇವು ಎರಡು ಬೇರೆ ಬೇರೆ ಮಾಂಸಗಳೆಂದೇ ತಿಳಿಯಿರಿ. ಎದೆಯಲ್ಲಿ ಕೊಬ್ಬೂ ಇಲ್ಲ, ನಾರಿನ ಅಂಶವೂ ಕಡಿಮೆ; ಬೆಂದ ಮೇಲೂ ಕಾಯಿಸುತ್ತಿದ್ದರೆ ಒಳಗಿನ ನೀರೆಲ್ಲ ಹೊರಬಂದು ಒಣಗುತ್ತದೆ. ಎರಡು-ಮೂರು ವರ್ಷ ದಿನವಿಡೀ ನಡೆದಾಡಿದ ಹುಂಜದ ಕಾಲಿನಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರಿನಂಶ ತುಂಬಿರುತ್ತದೆ. ಸಾಮಾನ್ಯ ಪಾತ್ರೆಯಲ್ಲಾದರೆ ತೇವದ ಶಾಖದಲ್ಲಿ ಮೂರು-ನಾಲ್ಕು ಗಂಟೆ ಕುಳಿತರೇ ಅದು ಕರಗಿ ಮಾಂಸ ಮೆತ್ತಗಾಗುವುದು. ಒಂದೂವರೆ ಗಂಟೆ ಎಂಬುದು ಎದೆಗೆ ತೀರಾ ಹೆಚ್ಚು, ಕಾಲಿಗೆ ತೀರಾ ಕಡಿಮೆ.

ಎದೆಗೆ ಒಂದು ಲೀಟರ್ ನೀರಿಗೆ 60 ಗ್ರಾಂ ಉಪ್ಪು ಕರಗಿಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಸಿ. ಬೆಳಗ್ಗೆ ಒರೆಸಿ, ಎಳೆಗಳಿಗೆ ಅಡ್ಡವಾಗಿ ತೆಳುವಾಗಿ ಕತ್ತರಿಸಿ, ಬೆಳ್ಳುಳ್ಳಿ, ಕರಿಬೇವು ಮತ್ತು ಆಗಷ್ಟೇ ಕುಟ್ಟಿದ ಕಾಳುಮೆಣಸಿನೊಂದಿಗೆ ಜೋರು ಉರಿಯಲ್ಲಿ ಕೆಲವೇ ನಿಮಿಷ ಹುರಿದು, ಕೊನೆಗೆ ನಿಂಬೆರಸ ಅಥವಾ ಕೊಡಗಿನ ಕಾಚಂಪುಳಿ ಹಾಕಿ ಇಳಿಸಿ. ಇಡೀ ತುಂಡನ್ನು ಒಲೆಯಲ್ಲಿಡುವುದಾದರೆ ಥರ್ಮಾಮೀಟರ್ ಬಳಸಿ. ಕೋಳಿ ಜಾತಿಯ ಮಾಂಸಕ್ಕೆ ಇಲ್ಲಿನ ಸರ್ಕಾರಿ ಶಿಫಾರಸು 74 ಡಿಗ್ರಿ ಸೆಲ್ಸಿಯಸ್. ಅದನ್ನು ಮುಟ್ಟಿದೊಡನೆ ಹೊರಗೆ ತೆಗೆಯಿರಿ.

ಕಾಲು ಮತ್ತು ತೊಡೆಯ ಮಾಂಸವೇ ನನ್ನ ಮಟ್ಟಿಗೆ ಈ ಹಕ್ಕಿಯ ಸಾರಸರ್ವಸ್ವ. ವಯಸ್ಸಾದ ನಾಟಿ ಹುಂಜದ ಮಾಂಸದಂತೆ ಇದು ಗಾಢ ಬಣ್ಣದ್ದು, ರಸವನ್ನು ಸಾರಿಗೆ ಬಿಟ್ಟುಕೊಡುವಂಥದ್ದು. ಇದನ್ನು ಎಸೆಯಿರಿ ಎನ್ನುವವರು ಮುದ್ದೆಯ ಜೊತೆ ಒಮ್ಮೆ ತಿಂದು ನೋಡಬೇಕು. ಮೂಳೆ ಸಮೇತ ಎರಡು ಕಿಲೋ ಮಾಂಸವನ್ನು ಈರುಳ್ಳಿ, ಅರಿಶಿನ, ಉಪ್ಪಿನೊಂದಿಗೆ ಬಾಡಿಸಿ, ಮುಳುಗುವಷ್ಟು ನೀರು ಹಾಕಿ ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರಿನಲ್ಲಿ 45 ನಿಮಿಷ ಬೇಯಿಸಿ. ಮಾಂಸ ಮೂಳೆಯಿಂದ ಸುಲಭವಾಗಿ ಬಿಡದಿದ್ದರೆ ಇನ್ನೂ 15 ನಿಮಿಷ. ಅಷ್ಟರಲ್ಲಿ ನಾಲ್ಕು ಚಮಚ ಧನಿಯಾ, ಹತ್ತು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಕಾಳುಮೆಣಸು, ಸ್ವಲ್ಪ ಜೀರಿಗೆ, ಚಕ್ಕೆ, ಲವಂಗ, ಗಸಗಸೆಯನ್ನು ಹುರಿದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಮತ್ತು ಅರ್ಧ ಹೋಳು ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿಕೊಳ್ಳಿ. ಬೆಂದ ಮಾಂಸವನ್ನು ಹೊರತೆಗೆದು ಆರಿದ ಮೇಲೆ ಬಿಡಿಸಿ. ಮೊಣಕಾಲಿನ ಕೆಳಗಿನ ಭಾಗದಲ್ಲಿ ಮೂಳೆಯಂತೆ ಗಟ್ಟಿಯಾದ ಉದ್ದನೆಯ ನರಗಳಿರುತ್ತವೆ, ಅವನ್ನು ಒಂದೊಂದಾಗಿ ಎಳೆದು ತೆಗೆಯದಿದ್ದರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿದೆ. ಆಮೇಲೆ ಬೇಯಿಸಿದ ನೀರಿಗೆ ಮಸಾಲೆ ಮತ್ತು ಮಾಂಸ ಸೇರಿಸಿ, ಮುಚ್ಚಳ ತೆರೆದಿಟ್ಟು ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಿ. ಟೊಮೆಟೊ ಅಥವಾ ಹುಣಸೆ ಹಾಕುವವರು ಮಾಂಸ ಮೆತ್ತಗಾದ ಮೇಲೆಯೇ ಹಾಕಬೇಕು.

ಉಳಿದದ್ದನ್ನು ಗಾಳಿಯಾಡದಂತೆ ಪ್ಯಾಕ್ ಮಾಡಿ, ಎದೆ ಮತ್ತು ಕಾಲಿನ ಚೀಲಗಳ ಮೇಲೆ ಬೇರೆ ಬೇರೆಯಾಗಿ ದಿನಾಂಕ ಬರೆದು ಫ್ರೀಜರಿನಲ್ಲಿಡಿ, ಒಂದು ವರ್ಷದೊಳಗೆ ಬಳಸಿ. ನೆರೆಹೊರೆಯವರಿಗೆ ಹಂಚಬಹುದು, ಮಾರುವಂತಿಲ್ಲ. ಪೆನ್ಸಿಲ್ವೇನಿಯಾದ ಸುರಕ್ಷತಾ ಕೋರ್ಸಿಗೆ ವಸಂತ ಹತ್ತಿರವಾದಂತೆ ಜನ ಹೆಚ್ಚಾಗುತ್ತಾರೆ. ಈ ತಿಂಗಳಲ್ಲೇ ಹೆಸರು ನೋಂದಾಯಿಸಿಕೊಳ್ಳಿ, ವಕೀಲರ ಉತ್ತರ ಬಂದ ಮೇಲೆ ಬಂದೂಕಿನ ಆಯ್ಕೆಯ ಬಗ್ಗೆ ಇದೇ ಎಳೆಯಲ್ಲಿ ಕೇಳಿ, ವಿವರವಾಗಿ ಬರೆಯುತ್ತೇನೆ.