ಹಾವು ಕಚ್ಚಿದ ಜಾಗದ ಮೇಲೆ ಹಗ್ಗ ಬಿಗಿಯುವ ಬಗ್ಗೆ

ಹುಲ್ಲು ಕೊಯ್ಯುವಾಗ ಹಾವು ಕಚ್ಚಿದರೆ ಗಾಯದ ಮೇಲ್ಭಾಗಕ್ಕೆ ಹಗ್ಗ ಬಿಗಿದು, ಬ್ಲೇಡಿನಿಂದ ಕುಯ್ದು ರಕ್ತ ಹರಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಮಾಡಬೇಡಿ. ಬಿಗಿದು ಕಟ್ಟಿದರೆ ರಕ್ತಸಂಚಾರ ನಿಂತು ಮಾಂಸ ಕೊಳೆಯಬಹುದು. ಕಟ್ಟು ಬಿಚ್ಚಿದೊಡನೆ ಅಲ್ಲಿ ತಡೆದಿದ್ದ ವಿಷ ಒಮ್ಮೆಲೇ ಮೈಗೇರಬಹುದು. ಕೊಳಕುಮಂಡಲದಂಥ ಹಾವಿನ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುವುದರಿಂದ, ನಾವು ಕುಯ್ದ ಗಾಯ ನಿಲ್ಲದೆ ಸೋರುತ್ತದೆ. ಬಾಯಿಂದ ಹೀರುವುದೂ ವ್ಯರ್ಥ.

ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ ಮಲಗಿಸಿ, ಊತ ಏರುವ ಮೊದಲೇ ಉಂಗುರ, ಬಳೆ, ಗಡಿಯಾರಗಳನ್ನು ತೆಗೆದು, ಮೂಳೆ ಮುರಿದಾಗ ಮಾಡುವಂತೆ ಕೈಕಾಲಿಗೆ ಪಟ್ಟಿಯ ಆಸರೆ ಕೊಟ್ಟು ಅಲುಗಾಡದಂತೆ ಸಡಿಲವಾಗಿ ಕಟ್ಟಿರಿ. ಅವರನ್ನು ನಡೆಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ವಾಹನದಲ್ಲಿ ಕರೆದೊಯ್ಯಿರಿ. ವಾಂತಿಯಾಗುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ. ಹಾವನ್ನು ಹುಡುಕಿ ಕೊಲ್ಲಲು ಹೋಗಬೇಡಿ, ಕತ್ತರಿಸಿದ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು.

ನನಗೆ ಹೆಚ್ಚು ಆತಂಕವಾಗುವುದು ಕಟ್ಟುಹಾವಿನ ವಿಷಯದಲ್ಲಿ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದರೆ ನೋವೂ ಊತವೂ ಇಲ್ಲದಿರಬಹುದು, ಹಲ್ಲಿನ ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ರೆಪ್ಪೆಗಳು ಜೋತುಬಿದ್ದು, ಮೇಲೆ ನೋಡಲು ಹೇಳಿದರೂ ಅರ್ಧಕ್ಕೇ ನಿಂತರೆ, ಉಗುಳು ನುಂಗಲು ಕಷ್ಟವಾದರೆ, ಒಂದು ನಿಮಿಷವೂ ಕಾಯಬೇಡಿ. ಮುಂದೆ ಸೋಲುವುದು ಉಸಿರಾಟದ ಸ್ನಾಯುಗಳು. ಆ ಹೊತ್ತಿಗೆ ವೆಂಟಿಲೇಟರ್ ಸಿಕ್ಕರೆ ಅಂಥವರು ಪೂರ್ತಿ ಚೇತರಿಸಿಕೊಳ್ಳುವ ಸಾಧ್ಯತೆ ಇದೆ.

ಆಸ್ಪತ್ರೆಯಲ್ಲಿ ಮಾಡುವ ಒಂದು ಸರಳ ಪರೀಕ್ಷೆ ತಿಳಿದಿರಲಿ. ಸುಮಾರು 2 ಮಿಲಿಲೀಟರ್ ರಕ್ತವನ್ನು ಒಣಗಿದ ಶುದ್ಧ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಬಳಿಕ ವಾಲಿಸಿ ನೋಡುತ್ತಾರೆ. ರಕ್ತ ಇನ್ನೂ ನೀರಿನಂತೆ ಹರಿದರೆ ವಿಷ ರಕ್ತವನ್ನು ಕೆಡಿಸಿದೆ ಎಂದರ್ಥ, ಪ್ರತಿವಿಷ ಬೇಕೇ ಬೇಕು. ಕುದುರೆಯ ರಕ್ತದಿಂದ ತಯಾರಾಗುವ ಈ ಔಷಧ ಕೆಲವರಿಗೆ ತೀವ್ರ ಅಲರ್ಜಿ ತರುವುದರಿಂದ, ಅಂಥ ಅಲರ್ಜಿಯನ್ನು ತಡೆಯುವ ತುರ್ತು ಚುಚ್ಚುಮದ್ದಾದ ಅಡ್ರಿನಾಲಿನ್ ಕೈಗೆಟಕುವಂತಿರುವಲ್ಲಿಯೇ ಕೊಡಬೇಕು, ಮನೆಯಲ್ಲಿಟ್ಟುಕೊಳ್ಳುವ ವಸ್ತುವಲ್ಲ. ಹಾವು ಚಿಕ್ಕವರಿಗೆಂದು ಕಡಿಮೆ ವಿಷ ಬಿಡುವುದಿಲ್ಲ, ಆದ್ದರಿಂದ ಮಕ್ಕಳಿಗೂ ದೊಡ್ಡವರಷ್ಟೇ ಪ್ರಮಾಣ ಕೊಡುತ್ತಾರೆ. ವೈದ್ಯರು ಹಾಗೆ ಮಾಡಿದರೆ ಗಾಬರಿಯಾಗಬೇಡಿ. ಪ್ರತಿವಿಷ ರಕ್ತದಲ್ಲಿ ತಿರುಗುತ್ತಿರುವ ವಿಷವನ್ನು ತಡೆಯುತ್ತದೆಯೇ ಹೊರತು ಆಗಲೇ ಸತ್ತ ಮಾಂಸವನ್ನು ಮರಳಿಸದು. ದಾರಿಯಲ್ಲಿ ಬೇರೆ ಚಿಕಿತ್ಸೆಗೆಂದು ನಿಲ್ಲಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಏನೂ ಆಗಿಲ್ಲವೆನಿಸಿದರೂ 24 ಗಂಟೆ ವೈದ್ಯರ ಕಣ್ಣಿನಡಿ ಇರಿ, ಮೂತ್ರ ಕಡಿಮೆಯಾದರೆ ಅಥವಾ ಕೆಂಪಾದರೆ ಕೂಡಲೇ ತಿಳಿಸಿ. ಮನೆಗೆ ಮರಳಿದ ಒಂದೆರಡು ವಾರಗಳಲ್ಲಿ ಜ್ವರ, ಕೀಲುನೋವು, ದದ್ದು ಕಂಡರೆ ಅದು ಪ್ರತಿವಿಷದ ತಡವಾದ ಪರಿಣಾಮವಿರಬಹುದು. ಮತ್ತೆ ಅದೇ ವೈದ್ಯರಿಗೆ ತೋರಿಸಿ.