ತೋಟಕ್ಕೆ ತಂದು ಮಿಕ್ಕಿದ ಪೈಪನ್ನು ಮನೆ ಗೋಡೆಯೊಳಗೆ ಹಾಕಬಹುದಾ?

ಅಣ್ಣ, ಡ್ರಿಪ್ ಲೈನಿಗೆ ತಂದು ಮಿಕ್ಕಿದ 6 ಕೆಜಿ ಪ್ರೆಶರ್ ತಡೆಯುವ ಪಿವಿಸಿ ಪೈಪನ್ನೇ ಹೊಸ ಮನೆಗೂ ಬಳಸಬಹುದಾ, ಮೇಸ್ತ್ರಿ ಸಾಕು ಅಂತಿದ್ದಾರೆ ಅಂತ ಕೇಳಿದ್ದೀರಿ. ಸೋಲಾರ್ ವಾಟರ್ ಹೀಟರ್ ಹಾಕಿಸುತ್ತೇನೆ ಅಂತಲೂ ಬರೆದಿದ್ದೀರಲ್ಲ, ಅದಕ್ಕೇ ಬೇಡ ಅಂತೀನಿ.

ಪ್ರೆಶರ್ ಲೆಕ್ಕದಲ್ಲಿ ಮೇಸ್ತ್ರಿ ಹೇಳಿದ್ದು ಸರಿಯೇ. ಟ್ಯಾಂಕ್ ನೀರು 10 ಮೀಟರ್ ಮೇಲಿಂದ ಇಳಿದರೆ ಬರುವುದೇ ಚದರ ಸೆಂಟಿಮೀಟರಿಗೆ ಒಂದು ಕೆಜಿ ಪ್ರೆಶರ್. ಒಂದೇ ಅಂತಸ್ತಿನ ಮನೆಯಲ್ಲಿ ಅದರ ಅರ್ಧವೂ ಸಿಗುವುದು ಕಷ್ಟ. ಆದರೆ ಪೈಪಿನ ಮೇಲೆ ಬರೆದ 6 ಕೆಜಿ ತಣ್ಣೀರಿನ ಲೆಕ್ಕ. 60 ಡಿಗ್ರಿ ಹತ್ತಿರ ಹೋದರೆ ಪಿವಿಸಿ ಮೆತ್ತಗಾಗುತ್ತದೆ, ಬೇಸಿಗೆ ಮಧ್ಯಾಹ್ನ ಸೋಲಾರ್ ನೀರು ಅದನ್ನು ಸುಲಭವಾಗಿ ದಾಟುತ್ತದೆ.

ನಾನೇ ಕೆಟ್ಟಿದ್ದೇನೆ ಸ್ವಾಮಿ. ಗೀಸರ್ ಲೈನಿಗೆ ಬಿಳಿ ಪಿವಿಸಿ ಪೈಪ್ ಹಾಕಿಸಿ ದುಡ್ಡು ಉಳಿಯಿತು ಅಂದುಕೊಂಡೆ. ಎರಡನೇ ವರ್ಷ ಬಚ್ಚಲಿನ ಹಿಂದಿನ ರೂಮಿನಲ್ಲಿ ಗೋಡೆ ಬಣ್ಣ ಹಪ್ಪಳದ ಹಾಗೆ ಉಬ್ಬಿ ಉದುರತೊಡಗಿತು. ಟೈಲ್ಸ್ ಒಡೆದು ನೋಡಿದರೆ ಎಲ್ಬೋ ಹತ್ತಿರ ಪೈಪ್ ಬಾಡಿದ ನುಗ್ಗೆಕಾಯಿ ಥರ ಬಾಗಿ, ಜಾಯಿಂಟ್ ಬಿಟ್ಟುಕೊಂಡಿತ್ತು. ಆ ಡಿಸೈನ್ ಟೈಲ್ಸ್ ಆಮೇಲೆ ಎಲ್ಲೂ ಸಿಗಲಿಲ್ಲ, ಈಗಲೂ ಅಲ್ಲಿ ತೇಪೆ ಇದೆ.

ಗೋಡೆಯೊಳಗೆ ಕೆನೆ ಬಣ್ಣದ ಸಿಪಿವಿಸಿ, ಅಂದರೆ ಬಿಸಿನೀರು ತಡೆಯುವ ಪಿವಿಸಿ, ಹಾಕಿಸಿ. ಅಂಗಡಿಯಲ್ಲಿ ಎಸ್‌ಡಿಆರ್ 11 ಅಂತ ಕೇಳಿ, ಈ ನಂಬರ್ ಕಡಿಮೆ ಇದ್ದಷ್ಟೂ ಪೈಪ್ ದಪ್ಪ, 13.5ರದ್ದು ತೆಳು. 11ರದ್ದು 82 ಡಿಗ್ರಿ ಬಿಸಿಯಲ್ಲೂ ಸುಮಾರು 7 ಕೆಜಿ ತಡೆಯುತ್ತದೆ. ಪೈಪ್ ಅಂಟಿಸುವ ಸಲ್ಯೂಷನ್ ಕೂಡ ಸಿಪಿವಿಸಿಯದ್ದೇ ಇರಲಿ, ತೋಟದ ಡಬ್ಬಿ ತಂದು ಬಳಿಯುವವರನ್ನು ನೋಡಿದ್ದೇನೆ. ಸೋಲಾರ್ ಟ್ಯಾಂಕಿನಿಂದ ಹೊರಬರುವ ಕಡೆ ಮೊದಲ ಒಂದೆರಡು ಅಡಿ ಲೋಹದ ಪೈಪ್ ಇದ್ದರೆ ಒಳ್ಳೆಯದು. ಮಾಳಿಗೆ ಮೇಲೆ ಬಿಸಿಲಿಗೆ ಬೀಳುವ ಭಾಗಕ್ಕೆ ನೀರಿನಲ್ಲಿ ಕಲಸುವ ಪೇಂಟ್ ಹೊಡೆಸಿ, ಆಯಿಲ್ ಪೇಂಟ್ ಬೇಡ.

ಜಿಐ (ಸತು ಲೇಪಿಸಿದ ಕಬ್ಬಿಣದ ಪೈಪ್) ಗಟ್ಟಿ, ಆದರೆ ಗಡುಸಾದ ಬೋರ್ ನೀರಿಗೆ ಬೇಡ. ನಮ್ಮ ಹಳೇ ಮನೆಯ ಒಂದು ಇಂಚಿನ ಪೈಪ್ ಕೊಯ್ದಾಗ ಒಳಗೆಲ್ಲ ತುಕ್ಕು, ಉಪ್ಪು ಕಟ್ಟಿ, ಪೆನ್ಸಿಲ್ ತೂರುವಷ್ಟೇ ಜಾಗ ಉಳಿದಿತ್ತು. ಪಿಪಿಆರ್ ಅನ್ನೋ ಪ್ಲಾಸ್ಟಿಕ್ ಪೈಪೂ ಚೆನ್ನಾಗಿದೆ, ಆದರೆ ಕಾಯಿಸಿ ಕೂಡಿಸುವ ಮಷೀನ್ ಇರುವ ಪ್ಲಂಬರ್ ನಿಮ್ಮೂರಲ್ಲಿ ಇದ್ದಾರಾ ನೋಡಿಕೊಳ್ಳಿ. ಕಕ್ಕಸಿನ ಲೈನಿಗೆ 4 ಇಂಚಿನ ಎಸ್‌ಡಬ್ಲ್ಯುಆರ್ (ಕೊಳಚೆ, ಮಳೆನೀರು ಸಾಗಿಸುವ ಪಿವಿಸಿ ಪೈಪ್), ಅದರಲ್ಲೂ ದಪ್ಪಗಿರುವ ಬಿ ಟೈಪ್. ಮೀಟರಿಗೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಇಳಿಜಾರು ಸಾಕು.

ಪ್ಲಾಸ್ಟರ್ ಮಾಡುವ ಮೊದಲು ಎಲ್ಲ ಪಾಯಿಂಟಿಗೂ ಡಮ್ಮಿ (ತಾತ್ಕಾಲಿಕ ಮುಚ್ಚಳ) ಹಾಕಿಸಿ, ಕೈ ಪಂಪಿನಲ್ಲಿ ಪ್ರೆಶರ್ ಕೊಟ್ಟು ರಾತ್ರಿ ಬಿಡಿ. ರಾತ್ರಿಯ ತಂಪಿಗೆ ಮುಳ್ಳು ಸ್ವಲ್ಪ ಇಳಿಯಬಹುದು, ಆದರೆ ಬೆಳಿಗ್ಗೆ ಗೇಜಿನ ಮುಳ್ಳು ಚೆನ್ನಾಗಿ ಇಳಿದಿದ್ದರೆ ಎಲ್ಲೋ ಸೋರುತ್ತಿರಬಹುದು. ಗೋಡೆಗೆ ಟೇಪ್ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಇನ್ನೊಂದು ಮಾತು. ಹಳೇ ಸ್ಟಾಕಿನ ಪಿವಿಸಿಯಲ್ಲಿ ಸೀಸ ಬೆರೆಸಿರಬಹುದು, ಅದನ್ನು ತಡೆಯುವ ಕೇಂದ್ರದ ನಿಯಮ ಬಂದಿದ್ದೇ 2021ರಲ್ಲಿ. ಹಾಗಾಗಿ ಕುಡಿಯುವ ನೀರಿಗೂ ಆ ಪೈಪ್ ಬೇಡ. ಮಾಳಿಗೆಯ ಮಳೆನೀರನ್ನು ತೆಂಗಿನ ಬುಡಕ್ಕೆ ಬಿಡಲು ಆಗುತ್ತದೆ, ಅಲ್ವಾ?